ಜೀಪು ಸಾಕುವವರಿಗೆ ಹನ್ನೆರಡು ಸೂತ್ರಗಳು

ಎರಡನೇ ಮಹಾಯುದ್ಧಕ್ಕೆಂದು 1941ರಿಂದ 1945ರವರೆಗೆ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಮಾಡಿದವು. ಯುದ್ಧ ಮುಗಿದ ಮೇಲೆ ಮಹೀಂದ್ರ ಕಂಪನಿ ವಿಲ್ಲೀಸ್ ಜೀಪನ್ನು ಮುಂಬೈಯಲ್ಲಿ ಜೋಡಿಸಿ ಮಾರತೊಡಗಿತು. ಮಲೆನಾಡಿನ ಕಾಫಿ ತೋಟಗಳಿಗೆ ಗೊಬ್ಬರದ ಮೂಟೆ, ಅಕ್ಕಿ, ಆಳುಗಳನ್ನು ಸಾಗಿಸಿದ್ದು, ನಡುರಾತ್ರಿ ಹೆರಿಗೆ ನೋವು ಕಾಣಿಸಿಕೊಂಡವರನ್ನು ಪೇಟೆಯ ಆಸ್ಪತ್ರೆಗೆ ಮುಟ್ಟಿಸಿದ್ದು ಇದೇ ವಂಶದ ಗಾಡಿಗಳು. ಇಂದಿನ ಥಾರ್, ಜಿಮ್ನಿ, ಗೂರ್ಖಾಗಳಲ್ಲಿ ಏಸಿ, ಟಚ್‌ಸ್ಕ್ರೀನ್ ಎಲ್ಲ ಬಂದಿವೆ. ಚಾಸಿ ಮಾತ್ರ ಇನ್ನೂ ಆ ಹಳೆಯ ಏಣಿಯಾಕಾರದ್ದೇ. ಹೀಗಾಗಿ ಈ ಗಾಡಿ ಕೇಳುವ ತಾಳ್ಮೆ, ಆರೈಕೆ ಕೂಡ ಹಳೆಯದೇ. ಕೊಂಡವರು ಅದನ್ನು ಅರಿತು ಬಳಸಲಿ ಎಂಬ ಆಸೆಯಿಂದ ಈ ಸೂತ್ರಗಳನ್ನು ಬರೆದಿದ್ದೇನೆ.

1. ಮೊದಲು ದಾರಿ ನೋಡಿ, ಆಮೇಲೆ ಗಾಡಿ ಕೊಳ್ಳಿ

ವರ್ಷದಲ್ಲಿ ಎಷ್ಟು ದಿನ ನೀವು ಟಾರು ಬಿಟ್ಟು ಇಳಿಯುತ್ತೀರಿ? ತೋಟದ ದಾರಿ ಕೆಸರಿನದೋ, ಕಲ್ಲಿನದೋ? ಇದಕ್ಕೆ ಉತ್ತರ ಸಿಕ್ಕಿದರೆ ಯಾವ ಗಾಡಿ ಎಂಬುದೂ ಸಿಗುತ್ತದೆ. ಥಾರ್‌ನ ನಾಲ್ಕೂ ಚಕ್ರ ಎಳೆಯುವ ಫೋರ್ ಬೈ ಫೋರ್ ಮಾದರಿಗೆ ನೆಲದಿಂದ 226 ಮಿಲಿಮೀಟರ್ ಎತ್ತರವಿದೆ. ಗೂರ್ಖಾಕ್ಕೆ 233 ಮಿಲಿಮೀಟರ್ ಇದ್ದು, ಹಿಂದೆ ಮುಂದೆ ಎರಡೂ ಕಡೆ, ಒಂದು ಅಚ್ಚಿನ ಎರಡೂ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಡಿಫರೆನ್ಶಿಯಲ್ ಲಾಕ್ ಬರುತ್ತದೆ. ಜಿಮ್ನಿಯ ಎತ್ತರ 210 ಮಿಲಿಮೀಟರ್ ಅಷ್ಟೆ, ಆದರೆ ತೂಕ ಸುಮಾರು 1,200 ಕೆ.ಜಿ. ಮಾತ್ರ. ಸಡಿಲ ಕೆಸರಿನಲ್ಲಿ ಹಗುರ ಗಾಡಿ ಹೂತುಹೋಗುವುದು ಕಡಿಮೆ, ಹೂತರೂ ನಾಲ್ಕು ಜನ ತಳ್ಳಿದರೆ ಮೇಲೆ ಬರುತ್ತದೆ. ಕಿರಿದಾದ ತೋಟದ ದಾರಿಗೆ ನನ್ನ ಮತ ಹಗುರ ಗಾಡಿಗೇ.

ಷೋರೂಮಿನಲ್ಲಿ ಒಂದು ವಿಷಯ ಬಿಡಿಸಿ ಕೇಳಿ. ಥಾರ್ 2023ರಿಂದ ಹಿಂದಿನ ಚಕ್ರಗಳಷ್ಟೇ ಎಳೆಯುವ ಮಾದರಿಯಲ್ಲೂ ಬರುತ್ತಿದೆ. ಹೊರಗಿನ ರೂಪ ಅದೇ, ಬೆಲೆ ಕಡಿಮೆ. ಪೇಟೆಯ ಬಳಕೆಗೆ ಅದು ಸಾಕು. ಜಡಿಮಳೆಯಲ್ಲಿ ತೋಟದ ಏರು ಹತ್ತಬೇಕಾದವರು ಆ ಉಳಿತಾಯಕ್ಕೆ ಮನಸ್ಸು ಮಾಡಬಾರದು.

2. ಹಳೆ ಜೀಪಿನ ಬಣ್ಣ ನೋಡಬೇಡಿ, ಅಡಿಗೆ ನುಗ್ಗಿ

ಸೇನೆಯ ಡಿಸ್ಪೋಸಲ್ ಜೀಪು, ಜಿಪ್ಸಿ, ಜಬಲ್ಪುರದ ಕಾರ್ಖಾನೆಯ ಜೋಂಗಾ ಇವುಗಳ ಮೇಲೆ ಮೋಹವಿರುವವರು ಬಹಳ. ಮೋಹ ಸರಿಯಾದದ್ದೇ. ಆದರೆ ಕೊಳ್ಳುವ ಮುನ್ನ ಟಾರ್ಚ್ ಹಿಡಿದು ಗಾಡಿಯ ಅಡಿಗೆ ಮಲಗಿ ನೋಡಿ. ಚಾಸಿಗೆ ತುಕ್ಕು ಹಿಡಿದಿದೆಯೇ, ಎಲ್ಲಾದರೂ ತೇಪೆ ವೆಲ್ಡಿಂಗ್ ಆಗಿದೆಯೇ, ಚಾಸಿ ನಂಬರು ಆರ್‌ಸಿಯಲ್ಲಿರುವ ನಂಬರಿಗೆ ಹೊಂದುತ್ತದೆಯೇ? ಇಂಜಿನ್ನನ್ನು ಬಿಚ್ಚಿ ಸರಿಮಾಡಬಹುದು. ಕೊಳೆತ ಚಾಸಿ, ಕೆಟ್ಟ ಕಾಗದಪತ್ರ ಎರಡಕ್ಕೂ ಮದ್ದಿಲ್ಲ. ಹದಿನೈದು ವರ್ಷ ದಾಟಿದ ಗಾಡಿಗೆ ಆರ್‌ಟಿಒ ಫಿಟ್‌ನೆಸ್ ಮಾಡಿಸಿ ನೋಂದಣಿ ನವೀಕರಿಸಲೇಬೇಕು. ಹೊರರಾಜ್ಯದ್ದಾದರೆ ಎನ್‌ಒಸಿ ಕೈಗೆ ಬರದೆ ಮುಂಗಡ ಕೊಡಬೇಡಿ.

3. ಆಲಿವ್ ಹಸಿರು ಸೇನೆಗೇ ಇರಲಿ

ಮಿಲಿಟರಿ ಗಾಡಿಯ ಗತ್ತು ಬೇಕೆಂದು ಆಲಿವ್ ಹಸಿರು ಬಳಿಸುವವರಿದ್ದಾರೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 121ನೇ ನಿಯಮ ಆ ಬಣ್ಣವನ್ನು ರಕ್ಷಣಾ ಇಲಾಖೆಯ ವಾಹನಗಳಿಗಷ್ಟೇ ಮೀಸಲಿಟ್ಟಿದೆ. ನಂಬರ್ ಪ್ಲೇಟಿನಲ್ಲಿ ಮೇಲ್ಮುಖದ ಬಾಣ ಬರೆಸಿಕೊಳ್ಳುವುದೂ ಸಲ್ಲದು, ಅದು ಸೇನಾ ವಾಹನಗಳ ಗುರುತು. ಗಡಿಯಲ್ಲಿ ನಿಂತವರ ಗುರುತನ್ನು ನಾವು ಷೋಕಿಗೆ ಹಚ್ಚಿಕೊಳ್ಳದಿರುವುದು ಮರ್ಯಾದೆಯೂ ಹೌದು.

ಗತ್ತಿಗೆಂದು ಗಾಡಿಯ ಮೂತಿಗೆ ಬುಲ್ ಬಾರ್ ಕೂಡ ಹಾಕಿಸಬೇಡಿ. ಅದನ್ನು ತೆಗೆಸಬೇಕೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಬರೆದಿದೆ. ಡಿಕ್ಕಿಯಾದಾಗ ಗಾಡಿಯ ಮೂತಿ ಕುಸಿದು ಹೊಡೆತ ನುಂಗಬೇಕು. ಕಬ್ಬಿಣದ ಆ ದಪ್ಪ ಕೊಳವೆ ಹೊಡೆತವನ್ನು ನೇರ ಚಾಸಿಗೆ ರವಾನಿಸುತ್ತದೆ, ಎದುರಿಗೆ ಸಿಕ್ಕ ಪಾದಚಾರಿಗೆ ಮೃತ್ಯುವಾಗುತ್ತದೆ. ಕಂಪನಿಯ ಅಳತೆ ಮೀರಿದ ಬದಲಾವಣೆಗಳಿಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೂಡ ಅಡ್ಡ ಬರುತ್ತದೆ.

4. ದುಡ್ಡು ಟಯರಿಗೆ ಹಾಕಿ

ಲೈಟು, ಸ್ಟಿಕ್ಕರ್, ಛಾವಣಿಯ ಕ್ಯಾರಿಯರ್ ಎಲ್ಲ ಆಮೇಲೆ. ನೆಲಕ್ಕೆ ತಾಗುವುದು ಟಯರು ಒಂದೇ. ಹೆಚ್ಚಿನವರಿಗೆ ಆಲ್ ಟೆರೇನ್ ಟಯರು ಸಾಕು. ಮಡ್ ಟಯರು ಅಂಟುಮಣ್ಣಿನಲ್ಲಿ ಅದ್ಭುತ, ಆದರೆ ಒದ್ದೆ ಟಾರಿನ ಮೇಲೆ ಬ್ರೇಕು ಹಿಡಿದಾಗ ಜಾರುತ್ತದೆ, ಹೆದ್ದಾರಿಯಲ್ಲಿ ಸದ್ದೂ ಹೆಚ್ಚು. ಸ್ಟೆಪ್ನಿ ಉಳಿದ ನಾಲ್ಕರ ಅಳತೆಯದೇ ಇರಬೇಕು.

ಇನ್ನು ಗಾಳಿ. ಕೆಸರಿಗೆ, ಮರಳಿಗೆ ಇಳಿಯುವ ಮುನ್ನ ಹದಿನೆಂಟು ಇಪ್ಪತ್ತು ಪಿಎಸ್‌ಐಗೆ ಇಳಿಸಿದರೆ ಟಯರು ಚಪ್ಪಟೆಯಾಗಿ ಉದ್ದಕ್ಕೆ ಹರಡಿಕೊಳ್ಳುತ್ತದೆ, ನೆಲದ ಮೇಲಿನ ಭಾರ ಹಂಚಿಹೋಗುತ್ತದೆ. ಹೂತ ಗಾಡಿ ಎಷ್ಟೋ ಸಲ ಬರೀ ಗಾಳಿ ಬಿಟ್ಟದ್ದಕ್ಕೇ ಎದ್ದು ಬರುತ್ತದೆ. ಗಾಳಿ ಇಳಿಸಿದ ಮೇಲೆ ವೇಗವನ್ನೂ ಇಳಿಸಿ, ಸ್ಟೇರಿಂಗ್ ಗಕ್ಕನೆ ತಿರುಗಿಸಬೇಡಿ. ಟಾರಿಗೆ ಬರುವ ಮುನ್ನ ಮತ್ತೆ ತುಂಬಿ. ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಏರ್ ಪಂಪು, ಗಾಳಿ ಅಳೆಯುವ ಗೇಜು ಗಾಡಿಯಲ್ಲಿ ಸದಾ ಇರಲಿ.

5. ಎರಡನೇ ಲಿವರಿನ ಗುಟ್ಟು ತಿಳಿದುಕೊಳ್ಳಿ

ಗಾಡಿ ಕೊಂಡು ವರ್ಷಗಳಾದರೂ ಗೇರಿನ ಪಕ್ಕದ ಫೋರ್ ಬೈ ಫೋರ್ ಲಿವರನ್ನು ಮುಟ್ಟದವರಿದ್ದಾರೆ. ಇನ್ನು ಕೆಲವರು ಅದನ್ನು ಸದಾ ನಾಲ್ಕೂ ಚಕ್ರ ಎಳೆಯುವ ಫೋರ್-ಹೈಯಲ್ಲೇ ಇಟ್ಟಿರುತ್ತಾರೆ. ಎರಡೂ ತಪ್ಪು.

ಈ ಗಾಡಿಗಳಲ್ಲಿ ಮುಂದಿನ, ಹಿಂದಿನ ಅಚ್ಚುಗಳ ನಡುವೆ ಡಿಫರೆನ್ಶಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಕ್ರಮಿಸಬೇಕು. ಕೆಸರಿನಲ್ಲಾದರೆ ಟಯರು ಸ್ವಲ್ಪ ಜಾರಿ ಆ ವ್ಯತ್ಯಾಸವನ್ನು ನುಂಗಿಕೊಳ್ಳುತ್ತದೆ. ಒಣ ಟಾರಿನಲ್ಲಿ ಜಾರಲು ಎಡೆಯಿಲ್ಲ. ತಿರುಚು ಒಳಗೇ ಕಟ್ಟಿಕೊಂಡು ಪ್ರೊಪೆಲ್ಲರ್ ಷಾಫ್ಟಿನ ಜಾಯಿಂಟು, ಟ್ರಾನ್ಸ್‌ಫರ್ ಕೇಸಿನ ಹಲ್ಲುಗಳ ಮೇಲೆ ಬೀಳುತ್ತದೆ. ಹಾಗಾಗಿ ಒಣ ಟಾರಿಗೆ ಎರಡೇ ಚಕ್ರ ಎಳೆಯುವ ಟು-ಹೈ. ಕೆಸರು, ಮರಳು, ಸಡಿಲ ಜಲ್ಲಿಗೆ ಫೋರ್-ಹೈ.

ಫೋರ್-ಲೋ ಎಂದರೆ ಎಳೆತದ ಬಲ ಎರಡು, ಎರಡೂವರೆ ಪಟ್ಟು ಹೆಚ್ಚಿ ವೇಗ ಅಷ್ಟೇ ತಗ್ಗುವುದು. ಗಾಡಿ ನಿಲ್ಲಿಸಿ ಹಾಕಿ. ಮೊದಲ ಗೇರಿನಲ್ಲಿ ಆಕ್ಸಿಲರೇಟರ್ ಮುಟ್ಟದೆಯೇ ಅದು ಕಡಿದಾದ ಕಲ್ಲುದಾರಿಯನ್ನು ತೆವಳಿಕೊಂಡು ಏರುವುದನ್ನು ನೋಡಬೇಕು! ಈ ಗಾಡಿಗಳ ನಿಜವಾದ ಹಿರಿಮೆ ಅಲ್ಲಿದೆ. ಹೊಗೆಯೆಬ್ಬಿಸಿ ನುಗ್ಗುವವರು ಅದನ್ನು ಕಾಣುವುದೇ ಇಲ್ಲ. ಡಿಫರೆನ್ಶಿಯಲ್ ಲಾಕ್ ಇದ್ದರೆ ಹೂಳುವ ಮೊದಲೇ ಹಾಕಿ, ನೇರ ದಾರಿಯಲ್ಲಷ್ಟೇ ಬಳಸಿ, ಗಟ್ಟಿನೆಲ ಬಂದೊಡನೆ ತೆಗೆಯಿರಿ.

ತಿಂಗಳಿಗೊಮ್ಮೆ ಮಣ್ಣುದಾರಿಯಲ್ಲಿ ಸ್ವಲ್ಪ ದೂರ ಫೋರ್ ಬೈ ಫೋರ್ ಹಾಕಿ ಓಡಿಸಿ. ಬಳಸದ ಲಿವರು ಬೇಕಾದ ದಿನ ಬಿಗಿದು ಕೂರುತ್ತದೆ.

6. ಬಲ್ಲವರ ಪಕ್ಕದ ಸೀಟಿನಲ್ಲಿ ಕೂತು ಕಲಿಯಿರಿ

ಕೊಲ್ಲೂರಿನಿಂದ ಕೊಡಚಾದ್ರಿಗೆ, ಮಡಿಕೇರಿಯಿಂದ ಮಾಂದಲಪಟ್ಟಿಗೆ ದಿನವೂ ಜೀಪು ಹತ್ತಿಸುವ ಚಾಲಕರಿದ್ದಾರೆ. ನಿಮ್ಮ ಗಾಡಿ ಕೆಳಗೆ ನಿಲ್ಲಿಸಿ ಬಾಡಿಗೆ ಕೊಟ್ಟು ಅವರ ಪಕ್ಕ ಕೂತು ಹೋಗಿಬನ್ನಿ. ಕಲ್ಲಿನ ಮೇಲೆ ಚಕ್ರ ಹತ್ತಿಸಿ ಗುಂಡಿಯನ್ನು ತಪ್ಪಿಸುವ ರೀತಿ, ಕ್ಲಚ್ಚಿನ ಮೇಲೆ ಸುಮ್ಮನೆ ಕಾಲಿಡದ ಶಿಸ್ತು, ಸ್ಟೇರಿಂಗಿನ ಒಳಗೆ ಹೆಬ್ಬೆರಳು ಸಿಕ್ಕಿಸದೆ ಹಿಡಿಯುವ ಕೈ ನೋಡಿ. ಪವರ್ ಸ್ಟೇರಿಂಗ್ ಇಲ್ಲದ ಹಳೆ ಜೀಪಿನಲ್ಲಿ ಮುಂದಿನ ಚಕ್ರ ಕಲ್ಲಿಗೆ ಬಡಿದರೆ ಸ್ಟೇರಿಂಗ್ ಗಿರ್ರನೆ ತಿರುಗಿ ಬೆರಳು ಮುರಿಯುತ್ತದೆ. ಇದೆಲ್ಲ ಯಾವ ಕೈಪಿಡಿಗಿಂತಲೂ ಅವರ ಪಕ್ಕದಲ್ಲಿ ಬೇಗ ತಿಳಿಯುತ್ತದೆ.

7. ಏರಲಿ ಇಳಿಯಲಿ, ನೇರ

ಇಳಿಜಾರಿನಲ್ಲಿ ಅಡ್ಡಡ್ಡ ಹೋಗುವುದು ಎತ್ತರದ ಗಾಡಿಗೆ ಅತ್ಯಂತ ಅಪಾಯ. ಉರುಳುತ್ತದೆ. ಏರುವಾಗ ನಡುವೆ ಬಲ ಸಾಲದೆ ನಿಂತರೆ ತಿರುಗಿಸಲು ಹೋಗಬೇಡಿ, ರಿವರ್ಸ್ ಗೇರಿನಲ್ಲಿ ಬಂದ ದಾರಿಯಲ್ಲೇ ನೇರ ಹಿಂದಕ್ಕಿಳಿಯಿರಿ. ಇಳಿಯುವಾಗ ಫೋರ್-ಲೋ, ಮೊದಲ ಗೇರು, ಕ್ಲಚ್ಚಿನಿಂದ ಕಾಲು ದೂರ. ಇಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಜಾರತೊಡಗಿದರೆ ಬ್ರೇಕಿನಿಂದ ಕಾಲು ತೆಗೆದು ಆಕ್ಸಿಲರೇಟರ್ ತುಸು ಒತ್ತಿ. ಚಕ್ರ ತಿರುಗಿದರಷ್ಟೇ ಸ್ಟೇರಿಂಗ್ ಮಾತು ಕೇಳುತ್ತದೆ.

8. ಕಾಲಿಟ್ಟು ದಾಟಲಾಗದ ಹಳ್ಳಕ್ಕೆ ಗಾಡಿ ಇಳಿಸಬೇಡಿ

ಥಾರ್‌ಗೆ 650, ಗೂರ್ಖಾಕ್ಕೆ 700 ಮಿಲಿಮೀಟರ್ ನೀರು ದಾಟುವ ಶಕ್ತಿಯಿದೆ ಎನ್ನುತ್ತವೆ ಕಂಪನಿಗಳು. ಅಂದರೆ ಎರಡಡಿಗಿಂತ ಸ್ವಲ್ಪ ಹೆಚ್ಚು. ಆ ಅಂಕಿಯನ್ನು ನಿಂತ ನೀರಿಗೆ ಅಂತ ಇಟ್ಟುಕೊಳ್ಳಿ. ಆಷಾಢದ ಹಳ್ಳ ಹರಿಯುವ ನೀರು, ಅಡಿಯಲ್ಲಿ ಉರುಳುಗಲ್ಲು ಇರುತ್ತದೆ, ಮೇಲೆಲ್ಲೋ ಸುರಿದ ಮಳೆಗೆ ಇದ್ದಕ್ಕಿದ್ದಂತೆ ಏರುತ್ತದೆ. ಹರಿವು ಜೋರಾದರೆ ಗಾಡಿ ಹಗುರಾಗಿ ತೇಲಿ ಪಕ್ಕಕ್ಕೆ ಸರಿಯಬಹುದು. ಸಣ್ಣ ಹಳ್ಳವಾದರೆ ಕೋಲು ಹಿಡಿದು ಕಾಲಿಟ್ಟು ನೋಡಿ. ನಿಮ್ಮ ಕಾಲನ್ನೇ ನೀರು ಎಳೆಯುತ್ತಿದ್ದರೆ ಹಿಂದಿರುಗಿ. ನೀರು ಇಳಿಯುವತನಕ ಕಾಯುವುದರಲ್ಲಿ ನಾಚಿಕೆಯೇನೂ ಇಲ್ಲ.

ದಾಟಬಹುದೆಂದು ಖಚಿತವಾದರೆ ಫೋರ್-ಲೋದಲ್ಲಿ ನಿಧಾನ, ಒಂದೇ ವೇಗದಲ್ಲಿ, ನಡುವೆ ಗೇರು ಬದಲಿಸದೆ ಹೋಗಿ. ನಡುನೀರಿನಲ್ಲಿ ಇಂಜಿನ್ ನಿಂತರೆ ಮತ್ತೆ ಸೆಲ್ಫ್ ಹೊಡೆಯಲೇಬೇಡಿ. ಗಾಳಿಯಂತೆ ನೀರು ಕುಗ್ಗುವುದಿಲ್ಲ. ಸಿಲಿಂಡರಿಗೆ ನೀರು ಹೊಕ್ಕಿದ್ದರೆ ಪಿಸ್ಟನ್ ಮೇಲೇರುವಾಗ ಕನೆಕ್ಟಿಂಗ್ ರಾಡ್ ಬಾಗಿ ಇಂಜಿನ್ನೇ ಹೋಗುತ್ತದೆ. ಸಾಮಾನ್ಯ ವಿಮೆ ಈ ನಷ್ಟವನ್ನು ಕಟ್ಟಿಕೊಡುವುದಿಲ್ಲ, ಇಂಜಿನ್ ರಕ್ಷಣೆಯ ಹೆಚ್ಚುವರಿ ಕವಚ ಬೇಕು. ಮಳೆನಾಡಿನವರು ಅದನ್ನು ಬಿಡಬೇಡಿ, ಅದರ ಷರತ್ತುಗಳನ್ನೂ ಓದಿ. ದಾಟಿದ ಮೇಲೆ ಬ್ರೇಕನ್ನು ನಾಲ್ಕಾರು ಸಲ ಮೆಲ್ಲಗೆ ಒತ್ತಿ ಒಣಗಿಸಿ.

9. ಎರಡು ಗಾಡಿ, ಒಂದು ಹಗ್ಗ

ಗೊತ್ತಿಲ್ಲದ ದಾರಿಗೆ ಒಂಟಿಯಾಗಿ ಹೋಗಬೇಡಿ. ಹಿಗ್ಗಿ ಎಳೆಯುವ ನೈಲಾನ್ ರಿಕವರಿ ಪಟ್ಟಿ, ಎರಡು ಶ್ಯಾಕಲ್, ಗುದ್ದಲಿ, ಕತ್ತಿ, ಟಾರ್ಚು ಇದ್ದರೆ ಮುಕ್ಕಾಲು ಪಾಲು ತಾಪತ್ರಯ ಕಳೆಯುತ್ತದೆ. ಪಟ್ಟಿಯನ್ನು ಚಾಸಿಗೆ ಭದ್ರವಾಗಿ ಕೂರಿಸಿದ ಕೊಕ್ಕೆಗಷ್ಟೇ ಕಟ್ಟಿ, ಬಂಪರಿಗೆ ಬೇಡ. ಎಳೆಯುವಾಗ ಪಟ್ಟಿಯ ಮೇಲೊಂದು ಒದ್ದೆ ಗೋಣಿಚೀಲ ಹಾಕಿ, ಜನರನ್ನು ಪಟ್ಟಿಯ ಉದ್ದದ ಒಂದೂವರೆ ಪಟ್ಟು ದೂರ ನಿಲ್ಲಿಸಿ. ಹರಿದ ಪಟ್ಟಿಯ ತುದಿಯ ಕಬ್ಬಿಣ ಗುಂಡಿನಂತೆ ಹಾರುತ್ತದೆ. ಹೂತ ಗಾಡಿಯನ್ನು ರೇಸ್ ಮಾಡಿ ಇನ್ನಷ್ಟು ಹೂಳುವ ಬದಲು ಮೊದಲು ಚಕ್ರದ ಮುಂದಿನ ಕೆಸರು ಬಗೆಯಿರಿ.

10. ಕೆಸರು ತೊಳೆಯದೆ ಮಲಗಬೇಡಿ

ಒಣಗಿದ ಕೆಸರು ತೇವ ಹಿಡಿದಿಟ್ಟು ಚಾಸಿಯನ್ನು ತಿನ್ನುತ್ತದೆ. ಕರಾವಳಿಯ ಉಪ್ಪುಗಾಳಿ ಇನ್ನೂ ಬೇಗ. ಗಾಡಿಯ ಅಡಿಯನ್ನು ಜೋರು ನೀರಿನಿಂದ ತೊಳೆಸಿ, ಪ್ರೊಪೆಲ್ಲರ್ ಷಾಫ್ಟಿನ ಜಾಯಿಂಟುಗಳಿಗೆ ನಿಪ್ಪಲ್ ಇದ್ದರೆ ಗ್ರೀಸ್ ಹೊಡೆಸಿ. ಆಳದ ನೀರು ದಾಟಿದ್ದರೆ ಡಿಫರೆನ್ಶಿಯಲ್ ಎಣ್ಣೆ ನೋಡಿ. ಬಿಸಿಯಾದ ಹೌಸಿಂಗ್ ತಣ್ಣೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಹೀರಿಕೊಳ್ಳಬಹುದು. ಎಣ್ಣೆ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ತಡಮಾಡದೆ ಬದಲಿಸಿ. ತೋಟದ ಮನೆಗಳಲ್ಲಿ ಇಲಿಗಳು ವೈರು ಕಡಿಯುತ್ತವೆ, ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡುವ ರೂಢಿ ಇರಲಿ.

11. ಹೆದ್ದಾರಿಯಲ್ಲಿ ವಿನಯ

ಥಾರ್‌ನ ಎರಡು ಅಚ್ಚುಗಳ ನಡುವೆ ಇರುವುದು 2,450 ಮಿಲಿಮೀಟರ್, ಮೈಕಟ್ಟು ಎತ್ತರ. ಈ ಮೈಕಟ್ಟಿನ ಗಾಡಿಯಲ್ಲಿ ನೂರರ ವೇಗದಲ್ಲಿ ಗಕ್ಕನೆ ಸ್ಟೇರಿಂಗ್ ತಿರುಗಿಸಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಎಲ್ಲರೂ ಬೆಲ್ಟ್ ಹಾಕಿ, ಹಿಂದಿನವರೂ ಸೇರಿ. ಹಳೆಯ ಥಾರ್, ಜೀಪುಗಳಲ್ಲಿ ಎದುರುಬದುರಾಗಿ ಇರುವ ಹಿಂದಿನ ಬೆಂಚುಗಳ ಮೇಲೆ ಮಕ್ಕಳನ್ನು ಕೂರಿಸಿ ದೂರ ಹೋಗಬೇಡಿ. ಗಾಡಿ ದೊಡ್ಡದೆಂದು ಸ್ಕೂಟರಿನವರನ್ನು ಅಂಚಿಗೆ ತಳ್ಳುವ ಚಾಲಕನನ್ನು ನಾನು ಒಳ್ಳೆಯ ಚಾಲಕ ಅನ್ನಲಾರೆ.

12. ದಾರಿಯಿರುವಲ್ಲಿ ಹೋಗಿ, ಊರಿಗಾಗಿ ಹೋಗಿ

ಹೋಗಬಲ್ಲ ಗಾಡಿ ಇದೆಯೆಂದ ಮಾತ್ರಕ್ಕೆ ಎಲ್ಲೆಲ್ಲೂ ಹೋಗುವ ಹಕ್ಕು ಬರುವುದಿಲ್ಲ. ಮುಳ್ಳಯ್ಯನಗಿರಿ, ಕುದುರೆಮುಖದ ಕಡೆಯ ಹುಲ್ಲುಗಾವಲಿನಲ್ಲಿ ಒಮ್ಮೆ ಟಯರು ಉತ್ತ ಗೆರೆ ಮುಂದಿನ ಮಳೆಗೆ ಕಾಲುವೆಯಾಗಿ ಗುಡ್ಡವನ್ನು ಕೊರೆಯುತ್ತದೆ. ಹೊಳೆಯ ಪಾತ್ರದಲ್ಲಿ ಗಾಡಿ ಕುಣಿಸಿದರೆ ಕಲ್ಲಿನ ಸಂದಿಯ ಮೀನು, ಕಪ್ಪೆಗಳ ಮೊಟ್ಟೆ ನಾಶ. ಉತ್ತರ ಕನ್ನಡದ ಕಡಲತೀರದ ಮರಳಿನಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡುತ್ತವೆ, ಅಲ್ಲಿ ಚಕ್ರ ಹಾಯಬಾರದು. ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಹೋಗುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಖಾಸಗಿ ತೋಟದ ದಾರಿಯಾದರೆ ಯಜಮಾನರನ್ನು ಕೇಳಿ, ಬೇಲಿಯ ಉಣುಗೋಲನ್ನು ಮತ್ತೆ ಹಾಕಿ ಬನ್ನಿ.

ಈ ಗಾಡಿಗೆ ತಕ್ಕ ಕೆಲಸ ಬೇರೆ ಇದೆ. 2018ರ ಆಗಸ್ಟ್‌ನ ನೆರೆಯಲ್ಲಿ ಕೇರಳದ ಆಫ್‌ರೋಡ್ ಬಳಗಗಳು ತಮ್ಮ ಜೀಪುಗಳೊಂದಿಗೆ ಪರಿಹಾರ ಕಾರ್ಯಕ್ಕೆ ಇಳಿದವು. ಅದೇ ತಿಂಗಳು ಕೊಡಗಿನಲ್ಲೂ ಗುಡ್ಡ ಕುಸಿದು ಎಷ್ಟೋ ಊರುಗಳ ದಾರಿ ಕಡಿದುಹೋಗಿತ್ತು. ಅಂಥ ದಿನ ಮತ್ತೆ ಬಂದರೆ ಆಂಬುಲೆನ್ಸ್ ಹತ್ತಲಾರದ ಏರಿಗೆ ನಿಮ್ಮ ಗಾಡಿ ಹತ್ತುತ್ತದೆ. ಮಳೆಗಾಲದಲ್ಲಿ ಟ್ಯಾಂಕು ಅರ್ಧಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ. ಅಕ್ಕಪಕ್ಕದ ಮನೆಯವರಿಗೆ, ಆಶಾ ಕಾರ್ಯಕರ್ತೆಗೆ, ಪಂಚಾಯಿತಿಯವರಿಗೆ ನಿಮ್ಮ ಫೋನ್ ನಂಬರು ಕೊಟ್ಟಿಡಿ. ರಾತ್ರಿ ಎಷ್ಟು ಹೊತ್ತಿಗಾದರೂ ಕರೆಯಿರಿ ಎಂದು ಅವರಿಗೆ ಈಗಲೇ ಹೇಳಿಬಿಡಿ.