ನೋವಿನ ಗುಳಿಗೆ ತರುವ ನೋವು

ಊರು ಬಿಟ್ಟು ದುಡಿಯಲು ಬಂದವರಿಗೆ ಮೈಯೇ ಬಂಡವಾಳ. ಗೋದಾಮಿನಲ್ಲಿ ಮೂಟೆ ಹೊರುವವರಾಗಲಿ, ಹೋಟೆಲಿನಲ್ಲಿ ದಿನವೆಲ್ಲ ನಿಂತೇ ದುಡಿಯುವವರಾಗಲಿ, ಎಂಟು ಗಂಟೆ ಕಾಲ ಮೇಜಿಗಂಟಿ ಕೂರುವ ಗುಮಾಸ್ತರಾಗಲಿ, ಸೊಂಟ ಹಿಡಿಯಿತೆಂದು ರಜೆ ಪಡೆಯುವ ಅನುಕೂಲ ನಮ್ಮಲ್ಲಿ ಬಹಳ ಜನಕ್ಕಿಲ್ಲ. ಒಂದು ಗುಳಿಗೆ ನುಂಗಿ ಕೆಲಸಕ್ಕೆ ಹೊರಡುವುದೇ ರೂಢಿ. ಆದರೆ ನೋವಿನ ಗುಳಿಗೆಗಳೆಲ್ಲ ಒಂದೇ ಜಾತಿಯವಲ್ಲ.

ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮೊದಲಾದವು ಒಂದು ಬಗೆ. ಅತಿಯಾದರೆ ಅವೂ ಕೇಡು ಮಾಡುತ್ತವೆ, ಆದರೆ ಚಟ ಹಿಡಿಸುವುದಿಲ್ಲ. ಮಾರ್ಫಿನ್, ಕೊಡೀನ್, ಟ್ರಮಡಾಲ್, ಟ್ಯಾಪೆಂಟಡಾಲ್ ಇನ್ನೊಂದು ಬಗೆ. ಇವು ಅಫೀಮಿನ ವರ್ಗಕ್ಕೆ ಸೇರಿದವು. ಟ್ರಮಡಾಲ್ ಕಾರ್ಖಾನೆಯಲ್ಲಿ ತಯಾರಾಗುವುದು ನಿಜ; ಆದರೂ ಮಿದುಳಿನಲ್ಲಿ ಅದು ತಟ್ಟುವುದು ಅಫೀಮು ತಟ್ಟುವ ಬಾಗಿಲನ್ನೇ. ಇದು ಸೌಮ್ಯವಾದ ಮದ್ದು, ಅಂಟಿಕೊಳ್ಳುವಂಥದಲ್ಲ ಎಂದು ಅನೇಕ ವೈದ್ಯರೇ ಬಹುಕಾಲ ನಂಬಿದ್ದರು. ಕಡೆಗೆ ೨೦೧೮ರ ಏಪ್ರಿಲಿನಲ್ಲಿ ಭಾರತ ಸರಕಾರ ಇದನ್ನು ಮಾದಕ ದ್ರವ್ಯಗಳ ಕಾಯಿದೆಯ ಹತೋಟಿಗೆ ತಂದಿತು. ೨೦೧೯ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರಕ್ಕೆ ೧.೧೪ ಜನ ಹೆರಾಯಿನ್ ಸೇವಿಸುತ್ತಿದ್ದರೆ, ಅಫೀಮು ವರ್ಗದ ಔಷಧಗಳನ್ನು ಚಿಕಿತ್ಸೆಗಲ್ಲದೆ ಸೇವಿಸುವವರು ನೂರಕ್ಕೆ ೦.೯೬. ಸಂದಿಯಲ್ಲಿ ಮಾರುವ ವಿಷಕ್ಕೂ ಅಂಗಡಿಯಲ್ಲಿ ಮಾರುವ ಮದ್ದಿಗೂ ಅಂತರ ಅಷ್ಟೇ.

ಹಾಗೆಂದು ಈ ಮದ್ದನ್ನೇ ಶಪಿಸಬಾರದು. ಕ್ಯಾನ್ಸರಿನ ನೋವಿಗೂ ಶಸ್ತ್ರಚಿಕಿತ್ಸೆಯ ನಂತರದ ಕೆಲವು ದಿನಗಳಿಗೂ ಇದು ದೊಡ್ಡ ಉಪಕಾರಿ. ತೊಡಕು ಹುಟ್ಟುವುದು ವೈದ್ಯರು ಐದು ದಿನಕ್ಕೆ ಬರೆದ ಚೀಟಿ ಐದು ತಿಂಗಳು ಓಡಿದಾಗ. ಚೀಟಿಯನ್ನೇ ಕೇಳದೆ ಗುಳಿಗೆ ಕೊಡುವ ಅಂಗಡಿಯವನನ್ನು ಒಳ್ಳೆಯ ಮನುಷ್ಯನೆಂದು ಹೊಗಳುವವರೂ ನಮ್ಮಲ್ಲಿದ್ದಾರೆ!

ದಿನವೂ ಗುಳಿಗೆ ಸೇರುತ್ತಿದ್ದರೆ ಮಿದುಳು ಅದಕ್ಕೆ ಒಗ್ಗಿಹೋಗುತ್ತದೆ. ಒಂದಕ್ಕೆ ತಗ್ಗುತ್ತಿದ್ದ ನೋವು ಎರಡಕ್ಕೆ, ಮೂರಕ್ಕೆ ತಗ್ಗತೊಡಗುತ್ತದೆ. ಆಮೇಲೆ ಒಂದು ದಿನ ಗುಳಿಗೆ ತಪ್ಪಿತೆನ್ನಿ. ಅರ್ಧ ದಿನ, ಒಂದು ದಿನದೊಳಗೆ ಆಕಳಿಕೆ, ಮೂಗು ಸೋರುವುದು, ಮೈ ನವಿರೇಳುವುದು, ಭೇದಿ, ನಿದ್ದೆಗೇಡು. ಎಲ್ಲಕ್ಕಿಂತ ಹೆಚ್ಚಾಗಿ ಕೈಕಾಲು, ಸೊಂಟಗಳ ಸೆಳೆತ. ಇಲ್ಲಿಯೇ ಮನುಷ್ಯ ಮೋಸ ಹೋಗುವುದು. 'ನನ್ನ ಹಳೆಯ ಸೊಂಟನೋವು ಇನ್ನೂ ಹೋಗಿಲ್ಲ' ಎಂದುಕೊಂಡು ಮತ್ತೆ ನುಂಗುತ್ತಾನೆ. ಅದು ಹಳೆಯ ನೋವಲ್ಲದೆ ಮದ್ದು ತಪ್ಪಿದ್ದರಿಂದಲೇ ಹುಟ್ಟಿದ ನೋವಾಗಿರಬಹುದು. ಈ ಬಾಧೆ ಎರಡು-ಮೂರನೆಯ ದಿನ ಏರಿ, ಸಾಮಾನ್ಯವಾಗಿ ಒಂದು ವಾರದ ಹೊತ್ತಿಗೆ ಇಳಿಯುತ್ತದೆ. ಆ ಮೂರು ದಿನ ಕೆಲಸ ತಪ್ಪಿಸಿಕೊಂಡು ಕೋಣೆಯಲ್ಲಿ ನರಳಲಾರದೆ ಸೋತವನನ್ನು ಮನೋಬಲವಿಲ್ಲದವನೆಂದು ಹೀಗಳೆಯುವುದು ಅನ್ಯಾಯ.

ಆದುದರಿಂದ ವೈದ್ಯರಿಲ್ಲದೆ ಒಂದೇ ಏಟಿಗೆ ಬಿಡಲು ಹೊರಡುವುದು ಬೇಡ. ಪ್ರಮಾಣವನ್ನು ಮೆಲ್ಲಗೆ ಇಳಿಸುವ ಕ್ರಮವುಂಟು. ನಾಲಿಗೆಯಡಿ ಇಡುವ ಬ್ಯೂಪ್ರೆನಾರ್ಫಿನ್ ಗುಳಿಗೆಯ ಚಿಕಿತ್ಸೆಯೂ ಉಂಟು. ಒಂದು ಅಫೀಮು ಬಿಡಿಸಲು ಇನ್ನೊಂದು ಅಫೀಮೇ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಇದು ಅಮಲೇರಿಸದೆ ಬಾಧೆಯನ್ನು ತಡೆದು, ಮನುಷ್ಯ ಕೆಲಸಕ್ಕೆ ಹೋಗಿಬರುವಂತೆ ಮಾಡುತ್ತದೆ; ವಿಶ್ವ ಆರೋಗ್ಯ ಸಂಸ್ಥೆ ೨೦೦೫ರಲ್ಲಿಯೇ ಇದನ್ನು ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿದೆ. ಒಂದು ಎಚ್ಚರಿಕೆ: ಕೆಲವು ವಾರ ಬಿಟ್ಟಿದ್ದವರು ಮತ್ತೆ ಹಳೆಯ ಪ್ರಮಾಣವನ್ನೇ ನುಂಗಿದರೆ ಉಸಿರು ನಿಲ್ಲಬಹುದು. ಹೆಂಡವೋ ನಿದ್ದೆಗುಳಿಗೆಯೋ ಜೊತೆಗೂಡಿದರೆ ಅಪಾಯ ಇಮ್ಮಡಿ.

ಚಿಕಿತ್ಸೆಗೆ ಹೋದರೆ ಪೊಲೀಸರು ಹಿಡಿದಾರೆಂಬ ಭಯ ಹಲವರಿಗಿದೆ. ೧೯೮೫ರ ಕಾಯಿದೆಯ ೬೪ಎ ಕಲಮಿನಂತೆ, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿ ಸರಕಾರಿ ಅಥವಾ ಸರಕಾರದ ಮಾನ್ಯತೆಯುಳ್ಳ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಒಳಪಟ್ಟರೆ ಅವನ ಮೇಲೆ ಖಟ್ಲೆ ನಡೆಯದು. ಅರ್ಧಕ್ಕೇ ಬಿಟ್ಟರೆ ಮಾತ್ರ ಈ ರಕ್ಷಣೆ ತಪ್ಪಬಹುದು. ಆಫೀಸಿಗೆ ಗೊತ್ತಾದೀತೆಂದು ಅಂಜುವವರು ೨೦೧೭ರ ಮಾನಸಿಕ ಆರೋಗ್ಯ ಕಾಯಿದೆ ಚಿಕಿತ್ಸೆಯ ಗುಟ್ಟನ್ನು ಕಾಪಾಡುವ ಹಕ್ಕು ಕೊಟ್ಟಿದೆಯೆಂಬುದನ್ನು ನೆನಪಿಡಲಿ. ಕಟ್ಟಿಹಾಕಿ, ಹೊಡೆದು ಬಿಡಿಸುತ್ತೇವೆನ್ನುವ ಕಡೆಗೆ ಮಾತ್ರ ಯಾರೂ ಹೋಗಕೂಡದು.

ದೊಡ್ಡ ಸರಕಾರಿ ಆಸ್ಪತ್ರೆಗಳ ಮಾನಸಿಕ ವಿಭಾಗದಲ್ಲಿ ಮೊದಲು ವಿಚಾರಿಸಬಹುದು. ಊರ ಕಡೆ ಹೋದಾಗ ನೋಡಿಸಿಕೊಳ್ಳುವವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ದಿಲ್ಲಿಯವರಿಗೆ ಗಾಜಿಯಾಬಾದಿನಲ್ಲಿ ಏಮ್ಸ್‌ನ ಕೇಂದ್ರವಿದೆ. ಫೋನಿನಲ್ಲಿ ಕೇಳುವವರಿಗೆ ವ್ಯಸನ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ ೧೪೪೪೬. ಮನಸ್ಸಿನ ಕಷ್ಟಗಳಿಗೆಂದು ೨೦೨೨ರಲ್ಲಿ ಆರಂಭವಾದ ಟೆಲಿ-ಮಾನಸ್ ೧೪೪೧೬. ಟೆಲಿ-ಮಾನಸ್‌ನಲ್ಲಿ ಕನ್ನಡದಲ್ಲಿಯೂ ಮಾತಾಡಬಹುದು. ಹಿಂದಿ, ಮರಾಠಿಗಳಲ್ಲಿ ಒಳಗಿನ ಸಂಕಟ ಹೇಳಿಕೊಳ್ಳಲಾರದವರಿಗೆ ಇದು ಸಣ್ಣ ಸೌಕರ್ಯವಲ್ಲ.

ಆಸ್ಪತ್ರೆಗೆ ಹೋಗುವಾಗ ಗುಳಿಗೆಯ ಖಾಲಿ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಬೇಕು. ದಿನಕ್ಕೆ ಎಷ್ಟು, ಎಂದಿನಿಂದ ಎಂಬುದನ್ನು ನಾಚಿಕೆಯಿಂದ ಕಡಿಮೆ ಮಾಡಿ ಹೇಳಬಾರದು. ವೈದ್ಯರು ಆ ಲೆಕ್ಕ ನೋಡಿಯೇ ಮದ್ದಿನ ಪ್ರಮಾಣವನ್ನು ಗೊತ್ತುಮಾಡುತ್ತಾರೆ.