ಕಂತಿನ ಮಾತು ಕಡೆಗಿರಲಿ

ತಮ್ಮಾ, ಪಿಕಪ್ ಕೊಳ್ಳುವ ವಿಚಾರವನ್ನು ನಿಮ್ಮವ್ವ ಹೇಳಿದಳು. ಒಳ್ಳೆಯ ವಿಚಾರ. ಬೆಟಗೇರಿಯ ಸೀರೆ ಗಂಟು, ಗದಗ ಎಪಿಎಂಸಿಯ ಉಳ್ಳಾಗಡ್ಡಿ, ಮುಂಡರಗಿ ಕಡೆಯ ಶೇಂಗಾ, ಲಕ್ಷ್ಮೇಶ್ವರ ಕಡೆಯ ಮೆಣಸಿನಕಾಯಿ, ಒಂದಿಲ್ಲ ಒಂದು ಬಾಡಿಗೆ ಸಿಕ್ಕೇ ಸಿಗುತ್ತದೆ. ದುಡಿಯುವವನಿಗೆ ಗಾಡಿ ಕೈ ಬಿಡುವುದಿಲ್ಲ. ಆದರೆ ಶೋರೂಮಿನ ಮೆಟ್ಟಿಲು ಹತ್ತುವ ಮೊದಲು ನನ್ನದೊಂದು ಮಾತು ಕೇಳು. ಅಲ್ಲಿ ಕೂತ ಕೂಡಲೇ ಚಹಾ ಬರುತ್ತದೆ. ಚಹಾದ ಬೆನ್ನಿಗೇ ಪ್ರಶ್ನೆ: "ಅಣ್ಣಾರ, ತಿಂಗಳಿಗೆ ಎಷ್ಟು ಕಂತು ಕಟ್ಟತೀರಿ?" ಇದಕ್ಕೆ ಮಾತ್ರ ಉತ್ತರ ಕೊಡಬೇಡ. "ಮೊದಲ ಗಾಡಿ ರೇಟ್ ಮುಗಸೋಣ್ರಿ, ಕಂತಿಂದ ಆಮ್ಯಾಲ ನೋಡೋಣು" ಅನ್ನು.

ಯಾಕೆಂದರೆ, ನಿನ್ನ ಬಾಯಿಂದ ಹದಿನಾರು ಸಾವಿರ ಅಂತ ಬಂತೆಂದರೆ ಮುಂದಿನ ಲೆಕ್ಕವೆಲ್ಲ ಆ ಹದಿನಾರು ಸಾವಿರಕ್ಕೆ ಹೊಂದಿಸಿದ್ದೇ ಆಗಿರುತ್ತದೆ. ಬೆಲೆ ಇಳಿಯುವುದಿಲ್ಲ, ಅವಧಿ ಬೆಳೆಯುತ್ತದೆ. 7 ಲಕ್ಷ ಸಾಲ, 5 ವರ್ಷ ಎಂದಿಟ್ಟುಕೊ. "ಬರೇ ಎಂಟು ಪರ್ಸೆಂಟ್, ಫ್ಲ್ಯಾಟ್" ಅಂದರೆ ಕಿವಿಗೆ ಹಗುರ. ಫ್ಲ್ಯಾಟ್ ಅಂದರೆ ಐದೂ ವರ್ಷ ಪೂರ್ತಿ 7 ಲಕ್ಷದ ಮೇಲೆ ಬಡ್ಡಿ. ಅರ್ಧ ಅಸಲು ತೀರಿಸಿದ ಮೇಲೂ ಅಷ್ಟೇ. ಬಡ್ಡಿ 2,80,000, ಕಂತು ಸುಮಾರು 16,330. ಅದೇ ಎಂಟನ್ನು ಉಳಿದ ಅಸಲಿನ ಮೇಲಷ್ಟೇ ಹಾಕಿದರೆ ಕಂತು ಸುಮಾರು 14,200, ಬಡ್ಡಿ ಒಂದೂವರೆ ಲಕ್ಷದ ಆಸುಪಾಸು. ನಡುವಿನ ಅಂತರ ಒಂದೂಕಾಲು ಲಕ್ಷಕ್ಕಿಂತ ಹೆಚ್ಚು. ಫ್ಲ್ಯಾಟ್ ಎಂಟೆಂದರೆ ನಿಜದಲ್ಲಿ ಹದಿನಾಲ್ಕರ ಬಡ್ಡಿ. ಶೋರೂಮಿನವರು ಕೊಡುವ ಸೀಟ್ ಕವರು, ಮ್ಯಾಟು, ಹತ್ತು ಸಾವಿರದ ಡಿಸ್ಕೌಂಟು ಎಲ್ಲ ಕೂಡಿಸಿದರೂ ಆ ಅಂತರದ ಕಾಲು ಭಾಗ ಆಗುವುದಿಲ್ಲ.

ನಮ್ಮ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಒಕ್ಕಲಿಗ ಸಾಹುಕಾರನ ಬಡ್ಡಿಗೆ ಸಿಕ್ಕಿ ಸಾಯಬಾರದು ಎಂಬುದೇ ಅದರ ಹಿಂದಿದ್ದ ಕಾಳಜಿ. ಅಂಥ ನೆಲದ ಹುಡುಗರು ಬಡ್ಡಿ ಯಾವ ಲೆಕ್ಕದ್ದು ಎಂದು ಕೇಳದೆ ಇಪ್ಪತ್ತು ಕಡೆ ಸಹಿ ಹಾಕಿ ಬರುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ನೀನು ಮೊದಲು ನಿನ್ನ ಖಾತೆ ಇರುವ ಬ್ಯಾಂಕಿಗೆ ಹೋಗು, ಇಲ್ಲಿನ ಸಹಕಾರಿ ಬ್ಯಾಂಕಿನಲ್ಲೂ ವಿಚಾರಿಸು, ದರ ಬರೆಸಿಕೊಂಡು ಕಿಸೆಯಲ್ಲಿಟ್ಟುಕೊ. ಆಮೇಲೆ ಶೋರೂಮಿನ ಫೈನಾನ್ಸಿನವನ ಮುಂದೆ ಕೂತುಕೊ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಇಂಥ ಸಾಲಗಳಿಗೆ ಎಲ್ಲ ಖರ್ಚು ಸೇರಿಸಿದ ವಾರ್ಷಿಕ ದರ ತೋರಿಸುವ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಕೊಡಲೇಬೇಕೆಂದು ರಿಸರ್ವ್ ಬ್ಯಾಂಕ್ ಕಟ್ಟು ಮಾಡಿದೆ, ಅದೂ ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ. ಕನ್ನಡದಲ್ಲೇ ಕೇಳು, ಸಂಕೋಚ ಬೇಡ.

ಇನ್ನು ಬೆಲೆಯ ಮಾತು. ದನದ ಸಂತೆಯಲ್ಲಿ ದಲಾಲರು ಟವೆಲ್ ಕೆಳಗೆ ಬೆರಳು ಹಿಡಿದು ದರ ಮುಗಿಸುತ್ತಿದ್ದುದನ್ನು ನಿಮ್ಮಜ್ಜ ಹೇಳಿರಬೇಕು. "ಆನ್‌ರೋಡ್ ಇಷ್ಟು" ಎಂಬ ಒಂದೇ ಅಂಕಿ ಆ ಟವೆಲ್ ಇದ್ದ ಹಾಗೆ. ಅದನ್ನು ತೆಗೆಸು. ಕೊಟೇಶನ್ ಹಾಳೆಯಲ್ಲಿ ಒಂದೊಂದು ಬಾಬ್ತೂ ಬೇರೆ ಬೇರೆ ಬರಲಿ, ಪೆನ್ನು ಹಿಡಿದು ಒಂದೊಂದೇ ಸಾಲಿನ ಮೇಲೆ ನಿಲ್ಲು.

ಎಕ್ಸ್‌ಶೋರೂಮ್ ಬೆಲೆಯಲ್ಲಿ ಜಿಎಸ್‌ಟಿ ಸೇರಿರುತ್ತದೆ. ಸರಕು ಗಾಡಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28 ಪರ್ಸೆಂಟಿನ ಬದಲು 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 8 ಲಕ್ಷದ ಗಾಡಿಗೆ ಅದು 80 ಸಾವಿರ. ಈ ಇಳಿತ ಸರಕಾರದ್ದು. ಯಾರಾದರೂ ಇದನ್ನೇ ತೋರಿಸಿ "ನಾವು ಬಿಟ್ಟಿದ್ದು" ಅಂದರೆ ಅದನ್ನು ಡಿಸ್ಕೌಂಟಿನ ಲೆಕ್ಕಕ್ಕೆ ಹಿಡಿಯಬೇಡ, ಕಂಪನಿ ಎಷ್ಟು, ಡೀಲರ್ ಎಷ್ಟು ಬಿಡುತ್ತಾರೆ ಎಂದು ಬೇರೆ ಕೇಳು. ರಸ್ತೆ ತೆರಿಗೆ, ನೋಂದಣಿ ಶುಲ್ಕದಲ್ಲಿ ಚೌಕಾಸಿಗೆ ಜಾಗವಿಲ್ಲ, ಆದರೆ ಸರಕಾರಿ ರಸೀದಿ ಬೇಕು. ಬೆಲೆ 10 ಲಕ್ಷ ದಾಟಿದರೆ 1 ಪರ್ಸೆಂಟ್ ಟಿಸಿಎಸ್ ಹಿಡಿಯುತ್ತಾರೆ. ರಿಟರ್ನ್ ತುಂಬಿದರೆ ಅದು ನಿನ್ನ ತೆರಿಗೆಗೆ ಜಮೆ ಆಗುತ್ತದೆ, ಬಿಟ್ಟುಬಿಡಬೇಡ. ಹ್ಯಾಂಡ್ಲಿಂಗ್ ಚಾರ್ಜ್ ಎಂಬ ಸಾಲು ಕಂಡರೆ ಯಾತಕ್ಕೆಂದು ಕೇಳು, ತೆಗೆಸು. ಹೊಸ ಗಾಡಿಯ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟಿನ ಖರ್ಚು 2019ರ ಏಪ್ರಿಲ್‌ನಿಂದ ಗಾಡಿಯ ಬೆಲೆಯಲ್ಲೇ ಸೇರಿದೆ, ಅದಕ್ಕೆ ಮತ್ತೆ ರೊಕ್ಕ ಕೊಡಬೇಡ.

ವಿಮೆ ಶೋರೂಮಿನಲ್ಲೇ ಮಾಡಿಸಬೇಕೆಂಬ ಕಾನೂನು ಇಲ್ಲ. ಥರ್ಡ್ ಪಾರ್ಟಿ ಪ್ರೀಮಿಯಂ ಸರಕಾರ ಗೊತ್ತು ಮಾಡಿದ್ದು, ಎಲ್ಲಿ ಹೋದರೂ ಒಂದೇ. ಚೌಕಾಸಿ ಮಾಡುವುದೇನಿದ್ದರೂ ಸ್ವಂತ ಗಾಡಿಯ ಹಾನಿಯ ಭಾಗದಲ್ಲಿ. ಹೊರಗೆ ಎರಡು ಕಡೆ ದರ ತೆಗೆದುಕೊ. ಹೋಲಿಸುವಾಗ ಐಡಿವಿ, ಅಂದರೆ ಗಾಡಿಗೆ ಕಟ್ಟಿದ ಬೆಲೆ, ಸಮ ಇದೆಯೇ ನೋಡು. ಐಡಿವಿ ಇಳಿಸಿ ಪ್ರೀಮಿಯಂ ಅಗ್ಗ ಮಾಡಿ ತೋರಿಸುವವರಿದ್ದಾರೆ. ಬಾಡಿಗೆ ಗಾಡಿಗೆ ಐಎಂಟಿ-23 ಸೇರಿಸು ಎಂದು ಬಾಯಿಬಿಟ್ಟು ಹೇಳು. ಇಲ್ಲದಿದ್ದರೆ ಬಂಪರ್, ಮಡ್‌ಗಾರ್ಡ್, ಲೈಟು, ಬಣ್ಣ ಇವಕ್ಕೆ ಸಣ್ಣ ಅಪಘಾತದಲ್ಲಿ ಹಣ ಬರುವುದಿಲ್ಲ. ಸಂತೆಯ ಗದ್ದಲದಲ್ಲಿ ಗಾಡಿಗೆ ತಾಗುವುದೆಲ್ಲ ಇಲ್ಲೇ.

ಗದಗ, ಹುಬ್ಬಳ್ಳಿ, ಕೊಪ್ಪಳ ಮೂರೂ ಕಡೆ ಕೊಟೇಶನ್ ಬರೆಸು. ಹುಬ್ಬಳ್ಳಿಯಲ್ಲಿ ಕೊಂಡರೂ ನಂಬರು ನಮ್ಮ ಕೆಎ-26ರದ್ದೇ ಮಾಡಿಸಬಹುದು. ಆದರೆ ಐದು ಸಾವಿರ ಉಳಿಯಿತೆಂದು ಸರ್ವಿಸ್ ದೂರ ಇರುವ ಕಂಪನಿಯ ಗಾಡಿಗೆ ಮನಸೋಲಬೇಡ. ಸುಗ್ಗಿಯಲ್ಲಿ ಒಂದು ದಿನ ಗಾಡಿ ನಿಂತರೆ ಆ ಉಳಿತಾಯ ಅಲ್ಲಿಗೆ ಮುಗಿಯಿತು. ಗಾಡಿಯ ಅಳತೆಯನ್ನೂ ಮೊದಲೇ ಗಟ್ಟಿ ಮಾಡಿಕೊ: ಮೆಣಸಿನಕಾಯಿ ಚೀಲ ಜಾಗ ತಿನ್ನುತ್ತದೆ, ಉಳ್ಳಾಗಡ್ಡಿ ತೂಕ ತಿನ್ನುತ್ತದೆ. ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ, ಮೀರಿದರೆ ಬೇಕು. ನಿನಗೆ ಯಾವುದು ಬೇಕೆಂದು ನಿನಗೇ ಗೊತ್ತಿಲ್ಲದಿದ್ದರೆ, ಅವರ ಅಂಗಳದಲ್ಲಿ ನಿಂತದ್ದೇ ನಿನಗೆ ಹೇಳಿ ಮಾಡಿಸಿದ ಗಾಡಿ ಆಗುತ್ತದೆ.

ದಸರೆಯ ಆಯುಧ ಪೂಜೆ, ದೀಪಾವಳಿ ಪಾಡ್ಯ, ಯುಗಾದಿ ಹತ್ತಿರ ಬಂದಾಗ ದರ ಕೇಳುವುದು ಹೆಚ್ಚು ಫಲ ಕೊಡದು. ಕೊಳ್ಳುವವರ ಸಾಲೇ ನಿಂತಿರುತ್ತದೆ. ಆಷಾಢದಲ್ಲಿ ಹೋಗು. ನಮ್ಮ ಜನ ಆ ತಿಂಗಳು ಹೊಸ ಗಾಡಿ ಮನೆಗೆ ತರುವುದು ಕಡಿಮೆ, ಮಾರುವ ಹುಡುಗನಿಗೆ ಮಾತ್ರ ತಿಂಗಳ ಟಾರ್ಗೆಟ್ ತಪ್ಪಿದ್ದಲ್ಲ. ದರ ಆಗ ಮುಗಿಸು, ಗಾಡಿಯನ್ನು ಶ್ರಾವಣದಲ್ಲಿ ತಾ. ನಿಮ್ಮವ್ವನ ಮನಸ್ಸಿಗೂ ಸಮಾಧಾನ. ಮುಂಗಡದ ರಸೀದಿಯ ಮೇಲೆ ಒಪ್ಪಿದ ದರ, ಮಾಡೆಲ್, ಬಣ್ಣ, ಡೆಲಿವರಿ ತಾರೀಕು ಬರೆಸು. "ಡೆಲಿವರಿ ದಿನದ ದರ ಅನ್ವಯ" ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಇದ್ದರೆ ಅದರ ಮಾತು ಅಲ್ಲೇ ಮುಗಿಸು. ಡಿಸೆಂಬರ್, ಜನವರಿಯಲ್ಲಿ ಹಳೇ ವರ್ಷದ ಸ್ಟಾಕು ಅಗ್ಗಕ್ಕೆ ಸಿಗುತ್ತದೆ, ಮುಂದೆ ಮಾರುವಾಗಲೂ ಅದು ಒಂದು ವರ್ಷ ಹಳೆಯದೆಂದೇ ಬೆಲೆ ಕಟ್ಟಿಸಿಕೊಳ್ಳುತ್ತದೆ. ತಯಾರಾದ ತಿಂಗಳು, ವರ್ಷ ಫಾರಂ 21ರಲ್ಲಿ ಇರುತ್ತದೆ, ಚಾಸಿ ನಂಬರಿನ ಜೊತೆ ತಾಳೆ ನೋಡು.

ನಿಮ್ಮಪ್ಪನ ಹಳೇ ಟಾಟಾ ಏಸ್ ಇದೆಯಲ್ಲ, ಅದರ ಸುದ್ದಿ ಹೊಸ ಗಾಡಿಯ ದರ ಮುಗಿಯುವವರೆಗೆ ಎತ್ತಬೇಡ. ಎತ್ತಿದರೆ ಒಂದು ಕೈಯಲ್ಲಿ ಬಿಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತಾರೆ. ಊರಲ್ಲಿ ಎರಡು ಕಡೆ ಅದಕ್ಕೆ ಬೆಲೆ ಕಟ್ಟಿಸಿಟ್ಟುಕೊ.

ಆ ಹುಡುಗರ ಮೇಲೆ ದನಿ ಏರಿಸಬೇಡ. ಅವರೂ ಸಂಬಳಕ್ಕೆ ದುಡಿಯುವವರು, ಗಾಡಿ ತಂದ ಮೇಲೆ ನಿನ್ನ ಕಾಗದಪತ್ರಕ್ಕೆ ಓಡಾಡುವವರೂ ಅವರೇ. ಮಾತು ಮೆತ್ತಗಿರಲಿ, ಅಂಕಿ ಗಟ್ಟಿಯಿರಲಿ. ಹೊಂದದಿದ್ದರೆ "ವಿಚಾರ ಮಾಡಿ ಬರತೀನ್ರಿ" ಎಂದು ಎದ್ದು ಬಾ. ಹಾಗೆ ಎದ್ದು ಬಂದವನಿಗೆ ಮರುದಿನ ಫೋನು ಬರುವುದು ಹೊಸದೇನಲ್ಲ.

ಹುಬ್ಬಳ್ಳಿಗೆ ಹೋಗುವಾಗ ಬ್ಯಾಂಕಿನ ದರದ ಚೀಟಿ, ಮೂರು ಕೊಟೇಶನ್, ವಿಮೆಯ ದರ ಒಂದೇ ಫೈಲಿನಲ್ಲಿಡು. ಖಾಲಿ ಕಾಗದದ ಮೇಲೆ ಸಹಿ ಕೇಳಿದರೆ ಹಾಕಬೇಡ. ತುಂಬಿದ ಕಾಗದವಿದ್ದರೆ ಸಹಿಗೆ ಮೊದಲು ಫೋಟೊ ತೆಗೆದು ನನಗೆ ಕಳಿಸು; ಮಧ್ಯಾಹ್ನವೆಲ್ಲ ಮನೆಯಲ್ಲೇ ಇರುತ್ತೇನೆ, ಓದಿ ಫೋನು ಮಾಡುತ್ತೇನೆ.