ಎರಡನೇ ಆರ್ಡರ್ ಬಂದಾಗಲೇ ತರಬೇತಿ ಮುಗಿದಂತೆ

ಪಾವಗಡ ತಾಲ್ಲೂಕಿನ ತಿರುಮಣಿ ಎಂದರೆ ಈಗ ಹೊರಗಿನವರಿಗೆ ನೆನಪಾಗುವುದು ಸೌರಫಲಕಗಳು. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಊರುಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ 2018ರ ಮಾರ್ಚ್ 1ರಂದು ಉದ್ಘಾಟನೆಯಾಯಿತು. ಜಮೀನು ಕೊಟ್ಟ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಹಣ ಶುರುವಾಯಿತು. ಎರಡು ವರ್ಷಕ್ಕೊಮ್ಮೆ ಅದು ಶೇ 5ರಷ್ಟು ಏರಬೇಕೆಂಬ ಒಪ್ಪಂದವಿದೆ. ಆದರೆ ಅದೇ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕುತ್ತಿದ್ದ ಜಮೀನಿಲ್ಲದ ಹೆಂಗಸರಿಗೆ ಆ ಹಣದಲ್ಲಿ ಪಾಲಿಲ್ಲ. ಕೂಲಿ ಹೋಯಿತು, ಕೈಕಸುಬು ಉಳಿಯಿತು. ಇಂಥ ಹೆಂಗಸರ ಸಂಘಗಳಿಗೆ, ಶಿರಾ ಕಡೆಯ ಕಂಬಳಿ ನೇಕಾರರಿಗೆ, ಮಧುಗಿರಿ–ಕೊರಟಗೆರೆ ಕಡೆ ಹುಣಸೆಹಣ್ಣು ಹಸನು ಮಾಡುವವರಿಗೆ ಮಾರಾಟದ ತರಬೇತಿ ಕೊಡುವುದು ನನ್ನ ಕೆಲಸ. ಆ ಕೆಲಸದಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಪಾಠ: ಇವರಿಗೆ ಕಸುಬು ಕಲಿಸಬೇಕಾಗಿಲ್ಲ, ತಮ್ಮ ಕೂಲಿಯನ್ನು ಬೆಲೆಯೊಳಗೆ ಸೇರಿಸುವುದನ್ನು ಕಲಿಸಬೇಕು. ಕಂಬಳಿಯನ್ನೇ ನೋಡಿ. ಕುರಿಯ ಉಣ್ಣೆ ಕತ್ತರಿಸಿ, ಬಿಡಿಸಿ, ಹೆಂಗಸರು ನೂಲಬೇಕು. ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಒಣಗಿಸಬೇಕು. ಆಮೇಲೆ ಗುಂಡಿಮಗ್ಗದಲ್ಲಿ ಕೂತು ನೇಯಬೇಕು. ಒಬ್ಬ ಹಿರಿಯ ನೇಕಾರರನ್ನು ಕೇಳಿದೆ: “ತಾತ, ಅಜ್ಜಿ ನೂತಿದ್ದಕ್ಕೆ ಎಷ್ಟು ಹಾಕಿದ್ರಿ?” ಅವರು ಕೇಳಿದರು: “ಮನೆ ಹೆಂಗಸಿಗೆ ಎಂಥ ಕೂಲಿ, ಮೇಡಂ?”

ದುಂಡು ಅಂಕಿಯಲ್ಲಿ ಲೆಕ್ಕ ಹಾಕಿ ತೋರಿಸುತ್ತೇನೆ. ಉಣ್ಣೆಗೆ 400 ರೂಪಾಯಿ ಖರ್ಚು ಮಾಡಿ ಕಂಬಳಿಯನ್ನು 1,600ಕ್ಕೆ ಮಾರಿದರೆ 1,200 ಲಾಭ ಎಂದು ಮನೆಯವರು ತಿಳಿಯುತ್ತಾರೆ. ನೂಲಿದ್ದು, ಗಂಜಿ ಹಾಕಿದ್ದು, ನೇಯ್ದದ್ದು ಎಲ್ಲ ಸೇರಿ ಎಂಟಾಳು ಕೆಲಸವಾಗಿದ್ದರೆ ಒಂದಾಳಿಗೆ ಬಿದ್ದದ್ದು 150 ರೂಪಾಯಿ. 2024–25ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿಯೇ ದಿನಕ್ಕೆ 349 ರೂಪಾಯಿ ಇತ್ತು. ಹಾಗಾದರೆ ಇದು ಲಾಭವಲ್ಲ, ಅರೆಕೂಲಿಗೆ ಮಾಡಿದ ದುಡಿಮೆ. ಮಕ್ಕಳು ಮಗ್ಗ ಬಿಟ್ಟು ಬೆಂಗಳೂರಿನ ಬಸ್ಸು ಹತ್ತುವುದಕ್ಕೆ ಕಾರಣ ಈ ಲೆಕ್ಕದೊಳಗೇ ಇದೆ. ಗಿರಣಿಯ ಅಗ್ಗದ ಹೊದಿಕೆಯ ಜೊತೆ ಬೆಲೆಯಲ್ಲಿ ಪೈಪೋಟಿಗೆ ಇಳಿದ ಕಂಬಳಿ ಉಳಿಯುವುದಿಲ್ಲ. ಕೈನೂಲಿನ ಕರಿಕಂಬಳಿಯ ಗುಣ ಬಲ್ಲ ಗಿರಾಕಿಯನ್ನೇ ಹುಡುಕಬೇಕು. ಅವರಿಗೆ ಬೇಕಾದ ಅಳತೆಯಲ್ಲಿ ಆಸನ, ಹಾಸು, ಚೀಲ ಮಾಡಿಕೊಡಬೇಕು.

ಎರಡನೆಯದು, ಒಂದೇ ತೆರನಾಗಿರುವುದು. ನಮ್ಮ ಹೆಂಗಸರ ಕಡಲೆಕಾಯಿ ಚಟ್ನಿಪುಡಿ ತಿಂದವರು ಹೊಗಳದೆ ಇರುವುದಿಲ್ಲ. ಆದರೆ ಅಂಗಡಿಯವರಿಗೆ ಹೊಗಳಿಕೆ ಸಾಲದು. ಹೋದ ತಿಂಗಳು ಕೊಂಡವರು ಈ ತಿಂಗಳೂ ಅದೇ ಖಾರ, ಅದೇ ಉಪ್ಪು, ಅದೇ ತೂಕ ಕೇಳುತ್ತಾರೆ. “ಕೈಯಳತೆ ತಪ್ಪಲ್ಲ ಮೇಡಂ” ಎನ್ನುವ ಅಕ್ಕಂದಿರ ಮಾತು ಅವರವರ ಮನೆಗೆ ನಿಜ. ಸಂಘದಲ್ಲಿ ಐದಾರು ಕೈ ಸೇರಿದಾಗ ಅಳತೆಯೂ ಐದಾರಾಗುತ್ತದೆ. ಅದಕ್ಕೆ ತಕ್ಕಡಿ ಬೇಕು, ಗೋಡೆಯ ಮೇಲೆ ಬರೆದಿಟ್ಟ ಪ್ರಮಾಣ ಬೇಕು, ಪ್ರತಿ ಸಲ ಮಾಡಿದ್ದರಲ್ಲಿ ಒಂದು ಪೊಟ್ಟಣ ತೆಗೆದಿಟ್ಟು ತಾರೀಖು ಹಾಕಬೇಕು. ದೂರು ಬಂದ ದಿನ ಆ ಪೊಟ್ಟಣವೇ ಸಾಕ್ಷಿ.

ಮೂರನೆಯದು ಕಾಗದಪತ್ರ. ತರಬೇತಿಗಳಲ್ಲಿ ಇದನ್ನು ಕೊನೆಯ ಅರ್ಧ ಗಂಟೆಗೆ ತಳ್ಳುವುದೇ ಹೆಚ್ಚು. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಮೂಲ ನೋಂದಣಿಗೆ ನಾವು ಕಟ್ಟಿದ್ದು ವರ್ಷಕ್ಕೆ 100 ರೂಪಾಯಿ. ಇವುಗಳಿಗೆ ಸಾವಿರಗಟ್ಟಲೆ ಕೇಳುವ ಮಧ್ಯವರ್ತಿಗಳಿದ್ದಾರೆ, ಎಚ್ಚರವಿರಲಿ. ಪೊಟ್ಟಣದ ಮೇಲೆ ತಯಾರಿಸಿದವರ ಹೆಸರು, ವಿಳಾಸ, ನಿವ್ವಳ ತೂಕ, ತಯಾರಾದ ತಿಂಗಳು, ಗರಿಷ್ಠ ಮಾರಾಟ ಬೆಲೆ, ದೂರು ಹೇಳಲು ಫೋನ್ ನಂಬರ್ ಇರಲೇಬೇಕು. ಪಾವಗಡದವರಿಗೆ ಇನ್ನೊಂದು ತೊಡಕಿದೆ. ಮೂರು ಕಡೆಯೂ ಆಂಧ್ರ. ಮಡಕಶಿರಾ, ಹಿಂದೂಪುರದ ಪೇಟೆಗಳೇ ಹತ್ತಿರ. ರಾಜ್ಯದೊಳಗಿನ ಸಣ್ಣ ವ್ಯಾಪಾರಕ್ಕೆ ಜಿಎಸ್‌ಟಿ ನೋಂದಣಿ ಬೇಕಿಲ್ಲದಿದ್ದರೂ, ತೆರಿಗೆ ಬೀಳುವ ಸರಕನ್ನು ಗಡಿಯಾಚೆಯ ಅಂಗಡಿಗೆ ಕಳಿಸಿದರೆ ನೋಂದಣಿ ಬೇಕಾಗುತ್ತದೆ. ಕೆಲವು ಕರಕುಶಲ ವಸ್ತುಗಳಿಗೆ ವಿನಾಯಿತಿ ಇದೆ, ಚಟ್ನಿಪುಡಿಗೆ ಇಲ್ಲ. ಬೆಂಗಳೂರಿನಲ್ಲಿ ಕೂತು ಬರೆದ ತರಬೇತಿ ಪುಸ್ತಕದಲ್ಲಿ ಇಂಥ ಗಡಿಯೂರಿನ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಯೋಜನೆಗಳನ್ನೂ ಪೂರ್ತಿ ಓದಿಯೇ ಆಸೆ ಹುಟ್ಟಿಸಬೇಕು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಕುಂಬಾರರು, ಬುಟ್ಟಿ–ಚಾಪೆ–ಪೊರಕೆ ಮಾಡುವವರು, ದರ್ಜಿಗಳು ಅದರಲ್ಲಿದ್ದಾರೆ. ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವಿದೆ. ಕಂಬಳಿ ನೇಕಾರರು ಆ ಪಟ್ಟಿಯಲ್ಲಿಲ್ಲ. ಇದನ್ನು ಮೊದಲೇ ಹೇಳಿದರೆ ಅವರು ಸುಮ್ಮನೆ ಅರ್ಜಿ ಹಿಡಿದು ಅಲೆಯುವುದು ತಪ್ಪುತ್ತದೆ.

ನಾಲ್ಕನೆಯದು ಉದ್ದರಿ. ಮೇಳದಲ್ಲಿ ಮಾಲು ಮೆಚ್ಚಿ, “ಕಳಿಸಿ, ಮಾರಿದ ಮೇಲೆ ದುಡ್ಡು ಕೊಡುತ್ತೇವೆ” ಎನ್ನುವ ನಗರದ ಅಂಗಡಿಗಳಿವೆ. ಅಂಥ ಒಂದು ಅಂಗಡಿಯಲ್ಲಿ ನಮ್ಮ ಸಂಘವೊಂದರ ಹಣ ಸಿಕ್ಕಿಕೊಂಡು, ಮುಂದಿನ ಸುಗ್ಗಿಯ ಕಡಲೆಕಾಯಿ ಕೊಳ್ಳಲು ಅವರ ಕೈಯಲ್ಲಿ ಕಾಸಿರಲಿಲ್ಲ. ಸುಗ್ಗಿಯಲ್ಲಿ ಕೊಳ್ಳದಿದ್ದರೆ ವರ್ಷವಿಡೀ ದುಬಾರಿ ಬೆಲೆಗೆ ಕೊಳ್ಳಬೇಕು. ಉದ್ಯಮ್ ನೋಂದಣಿ ಇರುವ ಸಣ್ಣ ತಯಾರಕರಿಗೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಆ ಹಕ್ಕು ಕೇಳಲು ಬಿಲ್ಲು ಬೇಕು, ಮಾಲು ತಲುಪಿದ್ದಕ್ಕೆ ಸಹಿ ಬೇಕು. ಅರ್ಧ ಮುಂಗಡ, ಉಳಿದದ್ದು ಮಾಲು ತಲುಪಿದಾಗ ಎಂದು ಕೇಳುವ ಧೈರ್ಯವನ್ನೂ ತರಬೇತಿಯಲ್ಲೇ ಅಭ್ಯಾಸ ಮಾಡಿಸಬೇಕು.

ಇವೆಲ್ಲಕ್ಕಿಂತ ದೊಡ್ಡ ಪಾಠ, ಜೊತೆಗಿರುವುದು. ಹುಣಸೆ ಕಾಲದಲ್ಲಿ ಶಿಬಿರ ಇಟ್ಟರೆ ಯಾರೂ ಬರುವುದಿಲ್ಲ. ಬೀಜ ಬಿಡಿಸುವ ಕೂಲಿ ಬಿಟ್ಟು ಅವರು ಹೇಗೆ ಬಂದಾರು? ಮನೆಮಾತು ತೆಲುಗಾಗಿರುವ ಅಮ್ಮಂದಿರಿಗೆ ಲೆಕ್ಕವನ್ನು ತೆಲುಗಿನಲ್ಲೂ ಹೇಳಬೇಕು. ಶಿಬಿರದಲ್ಲಿ ತಲೆಯಾಡಿಸಿದವರಿಗೆ ನಿಜವಾದ ಪ್ರಶ್ನೆ ಏಳುವುದು ಮೊದಲ ಆರ್ಡರ್ ಕೈಗೆ ಬಂದ ರಾತ್ರಿ. ಆಗ ಫೋನ್ ಎತ್ತುವವರು ಬೇಕು. ಮೊದಲ ಆರ್ಡರ್ ಪರಿಚಯದಿಂದ, ಅನುಕಂಪದಿಂದ, ಮೇಳದ ಉತ್ಸಾಹದಿಂದ ಬಂದೀತು. ಎರಡನೆಯದು ಬರುವುದು ಮಾಲು ಚೆನ್ನಾಗಿದ್ದು, ಹೇಳಿದ ದಿನಕ್ಕೆ ತಲುಪಿದ್ದರೆ ಮಾತ್ರ. ಮಾಡಿದವರು ಅದನ್ನು ಒಪ್ಪಿಕೊಳ್ಳುವುದು ಮೊದಲನೆಯದರಲ್ಲಿ ಕೂಲಿ ಗಿಟ್ಟಿದ್ದರೆ ಮಾತ್ರ.

ಹಾಗಾಗಿ ತರಬೇತಿ ನಡೆಸುವ ಇಲಾಖೆ, ಬ್ಯಾಂಕು, ಕಂಪನಿಗಳಿಗೆ ನನ್ನ ಕೋರಿಕೆ ಇಷ್ಟೇ. ಎಷ್ಟು ಜನರಿಗೆ ಸರ್ಟಿಫಿಕೇಟ್ ಹಂಚಿದಿರಿ ಎಂಬುದನ್ನು ವರದಿಯ ಮೊದಲ ಸಾಲಿನಿಂದ ತೆಗೆಯಿರಿ. ಎಷ್ಟು ಜನರಿಗೆ ಎರಡನೇ ಆರ್ಡರ್ ಬಂತು, ಅದರಲ್ಲಿ ದಿನಕ್ಕೆ ಎಷ್ಟು ಕೂಲಿ ಬಿತ್ತು ಎಂದು ಬರೆಯಿರಿ. ಹಣವನ್ನು ಮೂರು ದಿನದ ಶಿಬಿರಕ್ಕೆ ಸುರಿಯದೆ, ವರ್ಷವಿಡೀ ಜೊತೆಗಿರುವ ಒಬ್ಬ ಸ್ಥಳೀಯ ಕಾರ್ಯಕರ್ತೆಯ ಸಂಬಳಕ್ಕೆ ಕೊಡಿ. ಕೊಳ್ಳುವವರಲ್ಲೂ ಒಂದು ಮಾತು: ಕಂಬಳಿಯನ್ನು ಚೌಕಾಸಿ ಮಾಡುವ ಮೊದಲು ಅದರಲ್ಲಿ ಎಷ್ಟಾಳು ಕೆಲಸವಿದೆ ಎಂದು ಕೇಳಿ.